ನಗೆಯಾಳು ಅಂಕಯ್ಯ

ಅಕ್ಕೂರಿನ ಅಂಕಯ್ಯ ನಗುತ್ತಿದ್ದ ಅಂದರೆ ತಪ್ಪಾಗುತ್ತದೆ. ನಗು ಅವನ ಮೈಮೇಲೆ ಬರುತ್ತಿತ್ತು, ಕೆಲವರ ಮೈಮೇಲೆ ದೇವರು ಬರುವ ಹಾಗೆ. ಮೊದಲು ನೀರು ಹತ್ತದ ಪಂಪ್‌ಸೆಟ್ಟಿನ ಹಾಗೆ ಗಂಟಲಲ್ಲಿ ಗೊರಗೊರ ಅನ್ನುತ್ತಿತ್ತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಹತ್ತಿರ ಕೂತವರು ಅಷ್ಟರೊಳಗೆ ಎದ್ದು ದೂರ ಹೋದರೆ ಬದುಕಿದರು. ಹೋಗದಿದ್ದರೆ, ನೀರು ಹತ್ತಿ ಧೋ ಅಂತ ಸುರಿಯುತ್ತಿತ್ತು. ಆ ಸದ್ದಿಗೆ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು, ತೊಟ್ಟಿಲ ಮಕ್ಕಳು ಎಚ್ಚರವಾಗುತ್ತಿದ್ದವು.

ತಮಾಷೆಗೆ ನಗು ಬಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಂಕಯ್ಯನಿಗೆ ನಗು ಬರುತ್ತಿದ್ದದ್ದು ನಾಚಿಕೆಗೆ. ಇಸ್ಕೂಲಲ್ಲಿ ಮೇಷ್ಟ್ರು ಮಗ್ಗಿ ಕೇಳಿ ಬೆತ್ತ ಎತ್ತಿದರೆ ಅವಮಾನವಾಗುತ್ತಿತ್ತು, ಅವಮಾನವಾದೊಡನೆ ನಗು ಬರುತ್ತಿತ್ತು, ನಕ್ಕಿದ್ದಕ್ಕೆ ಇನ್ನೂ ನಾಲ್ಕು ಬೀಳುತ್ತಿದ್ದವು. ತಾಳಿ ಕಟ್ಟುವಾಗ ಗಂಟು ಜಾರಿ, ಛತ್ರವೆಲ್ಲ ನೋಡುತ್ತಿದೆ ಅನ್ನಿಸಿದ್ದೇ ತಡ, ನಕ್ಕಿದ್ದ. ಡೈರಿಯಲ್ಲಿ ಸೆಕ್ರೆಟರಿ ಅವನ ಹಾಲಿಗೆ ಮಾಪಕ ಇಳಿಬಿಟ್ಟು ಹುಬ್ಬು ಗಂಟಿಕ್ಕಿದಾಗಲೂ ನಕ್ಕಿದ್ದ. ನೀರು ಬೆರೆಸಿದವನು ಹೀಗೆ ಎದೆ ಬಿಚ್ಚಿ ನಗುವುದನ್ನು ಸೆಕ್ರೆಟರಿ ಹಿಂದೆಂದೂ ಕಂಡಿರಲಿಲ್ಲ.

ಇದನ್ನೆಲ್ಲ ಹೆಂಡತಿ ಕೆಂಚಮ್ಮ ಸಹಿಸಿಕೊಂಡಿದ್ದಳು. ಸಹಿಸದೆ ಹೋದದ್ದು ಒಂದೇ, ಅವಳ ಅಣ್ಣ ಗಂಗಹನುಮಯ್ಯನ ತಿಥಿಯ ದಿನದ್ದು.

ಗಂಗಹನುಮಯ್ಯ ಒಳ್ಳೆಯ ಮನುಷ್ಯ. ಕಾಯಿಲೆ ಬಿದ್ದು ಆಸ್ಪತ್ರೆ ಕಂಡು ಹೋದ. ತಿಥಿಯ ದಿನ ಅವಳ ತವರಿನ ಹೊಲದಲ್ಲಿ, ಅವನನ್ನು ಮಣ್ಣು ಮಾಡಿದ ಗುದ್ದೆಯ ಮುಂದೆ ಎಲೆ ಹಾಸಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು: ಮುದ್ದೆ, ಬಾಡು, ಬೀಡಿ ಕಟ್ಟು, ಪಕ್ಕದಲ್ಲೊಂದು ಕ್ವಾರ್ಟರ್ ಬಾಟಲಿ. ಕೊನೆಗೆ ಕೆಂಚಮ್ಮ ಸೆರಗಿನ ಗಂಟು ಬಿಚ್ಚಿ ಅಣ್ಣನ ಹಲ್ಲಿನ ಸೆಟ್ಟನ್ನು ತೆಗೆದು, ಬಾಡಿನ ಪಕ್ಕಕ್ಕೆ ಮೆಲ್ಲಗೆ ಇಟ್ಟಳು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಹಿಂದೆ ಸರಿದು ಕಾಗೆಗೆ ಕಾದರು. ಸತ್ತವರು ಕಾಗೆಯಾಗಿ ಬಂದು ಎಡೆ ಮುಟ್ಟಬೇಕು, ಮುಟ್ಟಿದರೆ ಅವರಿಗೆ ತೃಪ್ತಿ, ಇದ್ದವರಿಗೆ ಊಟ. ಬಹಳ ಹೊತ್ತು ಕಾಯಿಸಿ ಒಂದು ಕಾಗೆ ಬಂತು. ಮುದ್ದೆ ನೋಡಿತು. ಬಾಡು ನೋಡಿತು. ಹಲ್ಲಿನ ಸೆಟ್ಟನ್ನು ಕಚ್ಚಿಕೊಂಡು ಹಾರಿಹೋಯಿತು.

"ಅಣ್ಣಯ್ಯಾ!" ಅಂತ ಕೆಂಚಮ್ಮ ಕಾಗೆಯ ಹಿಂದೆ ಓಡಿದಳು. ಅಕ್ಕೂರಿಂದ ಜೊತೆಗೆ ಬಂದ ಹೆಂಗಸರೂ ಸೇರಿ ಊರೆಲ್ಲ ನಿಂತು ನೋಡುತ್ತಿತ್ತು. ತನ್ನ ಹೆಂಡತಿ ಸೆರಗು ಜಾರಿ, ಚಪ್ಪಲಿ ಬಿಟ್ಟು, ಕಾಗೆಯ ಹಿಂದೆ ಓಡುತ್ತಿದ್ದಾಳೆ ಅನ್ನುವ ನಾಚಿಕೆ ಅಂಕಯ್ಯನಿಗೆ ಅಂಗಾಲಿಂದ ಏರಿತು. ಗಂಟಲು ಗೊರಗೊರ ಅಂತು. ಟವೆಲು ಬಾಯಿಗೆ ತುರುಕುವಷ್ಟರಲ್ಲಿ ತಡವಾಗಿತ್ತು. ಅವನು ನಕ್ಕ ಮೇಲೆ ಉಳಿದವರಿಗೂ ತಡೆಯುವುದಕ್ಕೆ ಆಗಲಿಲ್ಲ. ಸತ್ತವನ ನೆಂಟರೂ ನಕ್ಕರು. ಕೆಂಚಮ್ಮ ಹೊಲದ ಆ ತುದಿಯಲ್ಲಿ ನಿಂತು, ತಿರುಗಿ, ಎಲ್ಲರನ್ನೂ ನೋಡಿದಳು.

ಮನೆಗೆ ಬಂದು ಒಂದೇ ಮಾತು ಅಂದಳು. "ಇನ್ಮೇಕೆ ಈ ಊರಲ್ಲಿ ನೀನು ನಕ್ಕಿದ್ದು ನನ್ ಕಿವೀಗ್ ಬಿದ್ರೆ, ನಾನು ತೌರಿಗೆ ಹೋಯ್ತೀನಿ. ಅಲ್ಲಿ ಯಾರೂ ಇಲ್ದಿದ್ರೂ ಸೈ."

ಅಂದಿನಿಂದ ಅಂಕಯ್ಯ ನಗಲಿಲ್ಲ. ಹತ್ತು ಹನ್ನೆರಡು ವರ್ಷ. ನಗು ಬರುವ ಸೂಚನೆ ಕಂಡರೆ ಟವೆಲು ಬಾಯಿಗೆ ಹಿಡಿದು ಹಿಪ್ಪುನೇರಳೆ ತೋಟಕ್ಕೆ ಓಡುತ್ತಿದ್ದ. ಹೊಸಬರು ಅವನಿಗೆ ಭೇದಿ ಅಂದುಕೊಳ್ಳುತ್ತಿದ್ದರು. ಅದೂ ಒಂದು ನಾಚಿಕೆಯೇ, ಆದರೆ ಚಿಕ್ಕದು.

ಇಂಥವನು ರೇಡಿಯೋ ಸೇರಿದ್ದು ಫಕ್ರುದ್ದೀನ್ ಸಾಬರಿಂದ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಫಕ್ರುದ್ದೀನ್‌ಗೆ ಅಂಕಯ್ಯ ವರ್ಷಗಳಿಂದ ಹಾಲೆಮರದ ತುಂಡು ತಂದು ಹಾಕುತ್ತಿದ್ದ. ಆ ವರ್ಷ ಊರಾಚೆ ಯಾವುದೋ ಟ್ರಸ್ಟಿನವರು ಒಂದು ಪುಟ್ಟ ರೇಡಿಯೋ ನಿಲಯ ತೆರೆದಿದ್ದರು. ಸುತ್ತಲ ಹಳ್ಳಿಗಳಿಗೆ ಮೊಬೈಲಲ್ಲಿ ಕೇಳುತ್ತಿತ್ತು. ಹೊಸದು, ಇನ್ನೂ ಯಂತ್ರಗಳೆಲ್ಲ ಬಂದಿರಲಿಲ್ಲ. ಒಂದು ಮೈಕು, ಒಂದು ಹಾರ್ಮೋನಿಯಂ, ಗೋಡೆಗೆ ಹಳೇ ಕಂಬಳಿ. ಶುಕ್ರವಾರ ಮಧ್ಯಾಹ್ನ 'ಕಿಲಕಿಲ ಕಚೇರಿ' ಅಂತ ಹಾಡು, ಹಾಸ್ಯ, ತುಣುಕು ನಾಟಕ ಎಲ್ಲ ಸೇರಿಸಿ ನೇರಪ್ರಸಾರ. ನಡೆಸುತ್ತಿದ್ದವನು ಅನಂತರಾಜು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ಇಟ್ಟುಕೊಂಡಿದ್ದ, ಡಿಜೆಗಳು ಬಂದು ಅವನ ಹೊಟ್ಟೆ ಮೇಲೆ ಹೊಡೆದಿದ್ದವು. ಹಾಡು ಬರೆಯುವವನೂ ಅವನೇ, ಹಾಡುವವನೂ ಅವನೇ, ಗಂಡನ ದನಿ, ಹೆಂಡತಿಯ ದನಿ, ಅತ್ತೆಯ ದನಿ ಎಲ್ಲ ಅವನೇ. ಸದ್ದುಗಳಿಗೆ ಫಕ್ರುದ್ದೀನ್. ತಾನು ಕಡೆದ ಗಿಲಕಿ, ಬುಗುರಿ, ಮರದ ಬಟ್ಟಲು ಇಟ್ಟುಕೊಂಡು ಕುದುರೆ ಓಟದಿಂದ ಹಿಡಿದು ಪಾತ್ರೆ ಬೀಳುವವರೆಗೆ ಏನು ಬೇಕಾದರೂ ಕೇಳಿಸುತ್ತಿದ್ದ.

ಮರದ ತುಂಡು ಇಳಿಸಿ ಬಂದ ಅಂಕಯ್ಯನನ್ನು ಒಂದು ಶುಕ್ರವಾರ ಫಕ್ರುದ್ದೀನ್ ಜೊತೆಗೆ ಕರೆದುಕೊಂಡು ಹೋದ. "ಸುಮ್ನೆ ಕೂತ್ಕೊ ಅಂಕಯ್ಯ. ಕೆಮ್ಮಂಗಿಲ್ಲ, ಸೀನಂಗಿಲ್ಲ," ಅಂತ ಮೂಲೆಯಲ್ಲಿ ಕೂರಿಸಿದ. ನಾಟಕ ಶುರುವಾಯಿತು. ನವವಧು ನಾಚುತ್ತ ನಾಚುತ್ತ ಹಾಲಿನ ಲೋಟ ಹಿಡಿದು ಕೋಣೆಗೆ ಬರುವ ಜಾಗದಲ್ಲಿ ಫಕ್ರುದ್ದೀನ್ ಕನ್ನಡಕ ಮರೆತಿದ್ದರಿಂದ ಪುಟ ತಪ್ಪಿ ಟಕಟಕ ಟಕಟಕ ಅಂತ ಕುದುರೆ ಓಡಿಸಿಬಿಟ್ಟ. ನಾಲ್ಕು ಕಾಲಿನ ಮದುಮಗಳು ಕೋಣೆಗೆ ನುಗ್ಗಿದಳು. ಅನಂತರಾಜುವಿನ ಮುಖ ನೋಡಿ, ತಾನೇ ತಪ್ಪು ಮಾಡಿದವನ ಹಾಗೆ ಅಂಕಯ್ಯನಿಗೆ ನಾಚಿಕೆಯಾಯಿತು. ಹತ್ತು ಹನ್ನೆರಡು ವರ್ಷ ಕಟ್ಟಿಟ್ಟಿದ್ದ ನೀರು ಕೋಡಿ ಬಿತ್ತು.

ನಿಲಯದ ಫೋನು ಹೊಡೆದುಕೊಳ್ಳುವುದು ನಿಲ್ಲಲಿಲ್ಲ. "ಆ ನಗೋರು ಯಾರು ಸಾರ್? ನಿಮ್ ಜೋಕು ಇವತ್ತೇ ಅರ್ಥ ಆಗಿದ್ದು!"

ಹಾಸ್ಯ ಬರೆಯುವವರಿಗೆ ಇದಕ್ಕಿಂತ ಕಹಿಯಾದ ಹೊಗಳಿಕೆ ಇಲ್ಲ. ಆದರೂ ಅನಂತರಾಜು ಜಾಣ, ನುಂಗಿಕೊಂಡ. "ಅಂಕಯ್ಯಣ್ಣ, ಹಳೇ ಕಾಲದ ರೇಡಿಯೋದಲ್ಲಿ ನಗೋದಕ್ಕೇ ಅಂತ ಜನ ಕೂರಿಸ್ತಿದ್ರಂತೆ. ನೀವು ಪ್ರತಿ ಶುಕ್ರವಾರ ಬನ್ನಿ," ಅಂದ.

"ನಮ್ಮ ಮನೇಲಿ ಗೊತ್ತಾಗ್ಬಾರ್ದು," ಅಂದ ಅಂಕಯ್ಯ.

"ರೇಡಿಯೋದಲ್ಲಿ ಮುಖ ಕಾಣಲ್ಲ ಕಣಣ್ಣ."

ಹಾಗೆ ಅಂಕಯ್ಯ ನಗೆಯಾಳಾದ. ಮನೆಯಲ್ಲಿ, ರೇಡಿಯೋ ಆಫೀಸಲ್ಲಿ ಕುರ್ಚಿ ಜೋಡಿಸುವ ಕೆಲಸ ಅಂತ ಹೇಳಿದ. ಮೈಕು ಒಡೆಯುತ್ತದೆ ಅಂತ ಅವನ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿದ್ದರು. ಅನಂತರಾಜು ಒಂದು ಬೆರಳೆತ್ತಿದರೆ ಒಸಿ ನಗು, ಅಂಗೈ ಎತ್ತಿದರೆ ಪೂರ್ತಿ.

ಆದರೆ ಬೆರಳು ನೋಡಿ ನಗು ಬರುತ್ತದೆಯೇ? ಮೊದಲ ವಾರ ಒದ್ದಾಡಿದ. ಅನಂತರಾಜುವಿನ ಜೋಕುಗಳಿಗಂತೂ ಬರುತ್ತಿರಲಿಲ್ಲ. ಆಮೇಲೆ ತಾನೇ ಒಂದು ಉಪಾಯ ಕಂಡುಕೊಂಡ. ಬೆರಳು ಎದ್ದೊಡನೆ ತನ್ನ ಬದುಕಿನ ಒಂದು ಅವಮಾನವನ್ನು ನೆನೆಸಿಕೊಳ್ಳುವುದು. ಮಗ್ಗಿ ತಪ್ಪಿದ್ದು, ತಾಳಿ ಜಾರಿದ್ದು, ಡೈರಿಯ ಹಾಲು. ಒಂದೊಂದು ಜೋಕಿಗೆ ಒಂದೊಂದು ನಾಚಿಕೆ. ನಗು ತಾನಾಗಿ ಕಿತ್ತುಕೊಂಡು ಬರುತ್ತಿತ್ತು. ಇಷ್ಟು ವರ್ಷ ಸುಮ್ಮನೆ ಕೊಳೆಯುತ್ತಿದ್ದ ಸರಕಿಗೆ ಈಗ ಗಿರಾಕಿ ಸಿಕ್ಕ ಹಾಗಾಯಿತು. ಕಾಗೆಯದೊಂದನ್ನು ಮಾತ್ರ ಅವನು ಮುಟ್ಟಲಿಲ್ಲ.

ಹೆಸರು ಬಂತು. ಚಿಲ್ಲರೆ ಹೆಸರಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಅವನ ನಗುವನ್ನು ಅಣಕಿಸುತ್ತಿದ್ದರು, ಅವನು ಪಕ್ಕದಲ್ಲೇ ನಿಂತು ಗಂಭೀರವಾಗಿ ಬಾಳೆಹಣ್ಣು ತಿನ್ನುತ್ತಿದ್ದ. ನಿಲಯದ ಹುಡುಗಿಯೊಬ್ಬಳು 'ಕಲಾವಿದರಿಗೆ ಟೀ' ಅಂತ ಲೋಟ ಕೊಟ್ಟ ದಿನ ಅಂಕಯ್ಯ ಹಿಂದೆ ತಿರುಗಿ ನೋಡಿದ, ಕಲಾವಿದರು ಯಾರು ಅಂತ.

ಮನುಷ್ಯ ಕೆಡುವುದು ಇಂಥ ಟೀಯಲ್ಲೇ. ಒಂದು ಶುಕ್ರವಾರ ಕಾರ್ಯಕ್ರಮ ಮುಗಿಸಿ ಎದುರಿನ ಅಂಗಡಿಯಲ್ಲಿ ಮೂವರೂ ಕೂತಿದ್ದರು.

"ಅಲ್ಲ ಅಂಕಯ್ಯಣ್ಣ, ಬೇಕು ಅಂದಾಗ ಅದೆಂಗೆ ನಗ್ತೀರಿ?" ಅಂತ ಅನಂತರಾಜು ಕೇಳಿದ.

ಅಂಕಯ್ಯ ಗುಟ್ಟು ಬಿಚ್ಚಿದ. ಮಗ್ಗಿ ಹೇಳಿದ, ತಾಳಿ ಹೇಳಿದ, ಹಾಲು ಹೇಳಿದ. ಅಂಗಡಿಯವನು ಟೀ ಸೋಸುವುದು ಬಿಟ್ಟು ಕೇಳಿದ. ಅಕ್ಕಪಕ್ಕದ ಬೆಂಚಿನವರು ಇತ್ತ ತಿರುಗಿದರು. ಯಾವತ್ತೂ ಬೇರೆಯವರ ಮಾತಿಗೆ ನಕ್ಕವನು ಇವತ್ತು ನಗಿಸುತ್ತಿದ್ದ.

"ಇಷ್ಟೇನಾ?" ಅಂದ ಫಕ್ರುದ್ದೀನ್. "ದೊಡ್ಡದು ಒಂದಾದ್ರೂ ಇರ್ಬೇಕಲ್ಲ?"

ಅಂಕಯ್ಯ ಒಂದು ಗುಟುಕು ಹೀರಿದ. ಸುಮ್ಮನಿರಬಹುದಿತ್ತು. "ಇದು ನಂದಲ್ಲ ಕಣ್ ಸಾಬ್ರೆ, ಮರಳವಾಡಿ ಕಡೆ ಒಂದ್ ಮನೇಲಿ ನಡೆದಿದ್ದು," ಅಂತ ಶುರು ಮಾಡಿದ. ಎಡೆ, ಬಾಡು, ಹಲ್ಲಿನ ಸೆಟ್ಟು, ಕಾಗೆ. ತಂಗಿ ಓಡಿದ್ದನ್ನು ಎದ್ದು ನಿಂತು, ಪಂಚೆ ಎತ್ತಿ ಹಿಡಿದು ತೋರಿಸಿದ. ಬೆಂಚು ಮಗುಚಿ ಬಿತ್ತು. ಅನಂತರಾಜು ಕಣ್ಣೊರೆಸಿಕೊಳ್ಳುತ್ತ, "ಇದು ಬಿಡಬಾರದು, ಬಿಡಬಾರದು," ಅಂತ ಅನ್ನುತ್ತಲೇ ಇದ್ದ. ಏನನ್ನು ಬಿಡಬಾರದು ಅಂತ ಅಂಕಯ್ಯ ಕೇಳಲಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಒಂಥರಾ ಹಗುರಾಗಿತ್ತು, ಆಮೇಲೆ ಒಂಥರಾ ಕಸಿವಿಸಿ. ಊರ ಹೆಸರು ಬದಲಾಯಿಸಿದೆನಲ್ಲ, ಅಂತ ಸಮಾಧಾನ ಮಾಡಿಕೊಂಡ.

ಮುಂದಿನ ಶುಕ್ರವಾರ ಕೆಂಪು ದೀಪ ಹತ್ತಿತು. ಅನಂತರಾಜು ಹಾರ್ಮೋನಿಯಂ ಒತ್ತಿ, "ಕೇಳುಗರೇ, ಈ ವಾರ ಮರಳವಾಡಿಯ ಒಂದು ನಿಜವಾದ ಕಥೆ," ಅಂದ. ಅಂಕಯ್ಯನ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು.

"ಬಾಡಿನ ಎಡೆಯ ಪಕ್ಕದಲಿಟ್ಟಳು
ಅಣ್ಣನ ಹಲ್ಲಿನ ಸೆಟ್ಟು,
ಕಾಗೆಯು ಬಂತು, ಬಾಡನು ಬಿಟ್ಟು
ಹಲ್ಲಿಗೆ ಹಾಕಿತು ಪಟ್ಟು!"

ಫಕ್ರುದ್ದೀನ್ ಎರಡು ಮರದ ಬಟ್ಟಲು ತೆಗೆದುಕೊಂಡು ಕಟಕಟ ಕಟಕಟ ಅಂತ ಹಲ್ಲು ಆಡಿಸಿದ. ಅನಂತರಾಜು ಬೆರಳೆತ್ತಿದ. ಅಂಕಯ್ಯ ನಗಲಿಲ್ಲ. ಅವನ ಕಣ್ಣ ಮುಂದೆ ಅಕ್ಕೂರಿನ ತನ್ನ ರೇಷ್ಮೆಹುಳದ ಮನೆ ಇತ್ತು. ಈ ಹೊತ್ತಿಗೆ ಅಲ್ಲಿ ಸೊಪ್ಪು ಹಾಕುವ ಸಮಯ. ಕೆಂಚಮ್ಮ, ಆಚೆಮನೆ ಈಚೆಮನೆಯ ಹೆಂಗಸರು, ಕಂಬಕ್ಕೆ ನೇತು ಹಾಕಿದ ಮೊಬೈಲು. ಅವತ್ತು ಹೊಲದಲ್ಲಿ ನಿಂತು ನೋಡಿದ ಹೆಂಗಸರೇ ಅವರು. ಮರಳವಾಡಿ ಅಂದರೆ ನಂಬುವುದಕ್ಕೆ ಅವರೇನು ಮರುಳೇ?

"ಹುಣಸೇಮರದ ಕೊಂಬೆಯ ಮೇಲೆ
ಕಾಗೆಗೆ ಬಂತು ಹಲ್ಲು,
ಕೆಳಗಡೆ ತಂಗಿ ಕಿರುಚ್ತಾ ಓಡ್ತಾಳೆ,
'ನಿಲ್ಲೋ ಅಣ್ಣಯ್ಯ, ನಿಲ್ಲು!'"

ಅನಂತರಾಜು ಹೆಣ್ಣು ದನಿ ತೆಗೆದು ಕಿರುಚಿದ. ಥೇಟು ಕೆಂಚಮ್ಮನ ದನಿಯೇ. ಟೀ ಅಂಗಡಿಯಲ್ಲಿ ಅಂಕಯ್ಯ ತಾನೇ ಮಾಡಿ ತೋರಿಸಿದ್ದ ದನಿ. ಅನಂತರಾಜುವಿನ ಅಂಗೈ ಮೇಲೆದ್ದಿತು.

ಅಂಕಯ್ಯ ಎದ್ದು ಹೋಗಬೇಕೆಂದುಕೊಂಡ. ಬಾಗಿಲು ಕಿರುಗುಟ್ಟುತ್ತದೆ, ಕೆಂಪು ದೀಪ ಉರಿಯುತ್ತಿದೆ. ಕೂತೇ ಇದ್ದ. ನಾಚಿಕೆ ಅಂಗಾಲಿಂದ ಏರತೊಡಗಿತು. ಮೊಣಕಾಲು ದಾಟಿತು, ಹೊಟ್ಟೆ ದಾಟಿತು. ಬೇಡ ಬೇಡ ಅಂತ ಟವೆಲು ಬಾಯಿಗೆ ತುರುಕಿದ. ಗಂಟಲು ಗೊರಗೊರ ಅಂತು. ಟವೆಲು ಹಾರಿ ಬಿತ್ತು. ಹುಟ್ಟಿದಾರಭ್ಯ ನಕ್ಕಿರದ ನಗು ಅದು. ಕುರ್ಚಿ ಕುಣಿಯಿತು, ಕಣ್ಣಲ್ಲಿ ನೀರು ಹರಿಯಿತು, ಫಕ್ರುದ್ದೀನ್ ಬಟ್ಟಲು ಬಿಟ್ಟು ಹೊಟ್ಟೆ ಹಿಡಿದುಕೊಂಡ, ಗಾಜಿನಾಚೆ ನಿಂತವರು ಗೋಡೆಗೆ ಒರಗಿದರು. ಸಾಕು ಅಂತ ಅನಂತರಾಜು ಎರಡು ಕೈಯನ್ನೂ ಎತ್ತಿ ಮುಗಿದ. ಅಂಕಯ್ಯನಿಗೆ ನಿಲ್ಲಿಸಲಾಗಲಿಲ್ಲ.

ಅಕ್ಕೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನವರಿಬ್ಬರು 'ನಿಲ್ಲೋ ಅಣ್ಣಯ್ಯ ನಿಲ್ಲು' ಹಾಡಿಕೊಂಡು ಬರುತ್ತಿದ್ದರು. ಸ್ಟಾಪು ಬಂದಾಗ ಕಂಡಕ್ಟರಿಗೂ ಅದನ್ನೇ ಕೂಗಿದರು. ಅಂಕಯ್ಯ ಇಳಿದು, ರಸ್ತೆ ಬಿಟ್ಟು ತೋಟದ ಬದುವಿನ ಮೇಲೆ ನಡೆದು ಮನೆಗೆ ಬಂದ. ಹುಳದ ಮನೆಯಲ್ಲಿ ಕೆಂಚಮ್ಮ ಒಬ್ಬಳೇ ಇದ್ದಳು. ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ಹುಳ, ಸೊಪ್ಪು ಹಾಕಿದಷ್ಟೂ ಸಾಲದು. ಅವಳು ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು.

ಅಂಕಯ್ಯ ಬಾಗಿಲಲ್ಲೇ ನಿಂತ.

"ಹುಣ್ಸೇಮರ ಅಲ್ಲ," ಅಂದಳು ಕೆಂಚಮ್ಮ.

"ಏನು?"

"ಹುಣ್ಸೇಮರ ಅಂತ ಹಾಡುದ್ರಲ್ಲ. ಅದು ಕೂತಿದ್ದು ತೆಂಗಿನಮರದ ಮ್ಯಾಲೆ. ಯೋಳೋದು ಯೋಳ್ದೆ, ಒಸಿ ಸರ್ಯಾಗಿ ಯೋಳ್ಬಾರ್ದಾಗಿತ್ತಾ?"

"ನಾನು... ಅಲ್ಲಿ ಕುರ್ಚಿ..."

"ಕುರ್ಚಿ ಜೋಡ್ಸಕ್ಕೆ ಹೋಗೋನು ಗಡ್ಡ ಕೆರ್ಕಂಡು, ಒಗ್ದಿರೋ ಅಂಗಿ ಹಾಕ್ಕಂಡು ಹೋಯ್ತಾನಾ? ಮೊದುಲ್ನೇ ಶುಕ್ರವಾರವೇ ಗೊತ್ತಾಯ್ತು ಕಣ್ ಬುಡು. ನಿನ್ ನಗಾ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಕಿದ್ದೆ?"

ಕೆಂಚಮ್ಮ ಒಣಗಿದ ಎಲೆಯೊಂದನ್ನು ಆರಿಸಿ ಎಸೆದಳು. "ಅಲ್ಲಿ ನಗ್ಲಿ ಅಂದ್ಕಂಡೆ. ಎಲ್ಲಾರ ಒಂದ್ಕಡೆ ನಗ್ಬೇಕಲ್ಲ ನೀನೂವೆ. ಊರಲ್ಲಿ ನಾನೇ ಬಾಯ್ ಕಟ್ಟಾಕ್ಬುಟ್ಟಿವ್ನಿ. ಶುಕ್ರವಾರ ಬಂದ್ರೆ ನಾನೇ ರೇಡಿಯೋ ಹಾಕ್ತಿದ್ದೆ."

ಅಂಕಯ್ಯ ಬಾಗಿಲು ದಾಟಿ ಒಳಗೆ ಬಂದ. "ತಪ್ಪಾಯ್ತು," ಅಂದ. ಅದು ಅವನಿಗೇ ಬಹಳ ಸಣ್ಣದಾಗಿ ಕೇಳಿಸಿತು.

"ಯಾಕಿಟ್ಟೆ ಅಂತ ಒಬ್ರೂ ಕೇಳ್ನಿಲ್ಲ," ಅಂದಳು ಅವಳು. "ಅವತ್ತೂ ಕೇಳ್ನಿಲ್ಲ, ನೀನೂ ಕೇಳ್ನಿಲ್ಲ. ಬಾಡು ಅಗೀಲಿ ಅಂತ ಇಟ್ಲು, ಪೆದ್ದಿ, ಅಂದ್ಕಂಡ್ರಿ. ಬಾಡಿಗಲ್ಲ. ಆಸ್ಪತ್ರೇಲಿ ಹಲ್ಲಿನ ಸೆಟ್ಟು ಬಿಚ್ಚಿಸಿ ಡಬ್ಬೀಗ್ ಹಾಕ್ಬುಟ್ರು. ನೋಡೋಕೆ ಬಂದೋರ ಮುಂದೆ ನಮ್ಮಣ್ಣ ಬಾಯ್ ಮುಚ್ಕಂಡೇ ಮಾತಾಡ್ತಿದ್ದ. ಬೊಚ್ಚುಬಾಯಿ ಕಾಣ್ತದೆ ಅಂತ ನಾಚ್ಕೆ. 'ಸೆಟ್ಟು ಹಾಕವ್ವ' ಅಂದ. ಡಾಕ್ಟ್ರು ಬ್ಯಾಡ ಅಂದವ್ರೆ ಅಂತ ನಾನು ಹಾಕ್ನಿಲ್ಲ. ಹಂಗೇ ಹೋದ. ಅಲ್ಲಿ ನಮ್ಮಪ್ಪ, ನಮ್ಮಜ್ಜ, ಎಲ್ಲಾ ಇರ್ತಾರೆ. ಅವ್ರ ಮುಂದೆನೂ ಬಾಯ್ ಮುಚ್ಕಂಡ್ ಕುಂತಿರ್ಬಾರ್ದು ಅಂತ ಇಟ್ಟೆ."

ಅಷ್ಟು ಹೇಳಿ ಮುಂದಿನ ತಟ್ಟೆಗೆ ಹೋದಳು.

ಅಂಕಯ್ಯನ ಅಂಗಾಲಿಂದ ಅದು ಏರಿತು. ಇದುವರೆಗೆ ಕಂಡ ನಾಚಿಕೆಗಳೆಲ್ಲ ಇದರ ಮುಂದೆ ಹುಡುಗಾಟ. ಅಯ್ಯೋ, ಈಗ ನಕ್ಕುಬಿಟ್ಟರೆ, ಇವಳ ಮುಂದೆ, ಈ ಮಾತಿಗೆ ನಕ್ಕುಬಿಟ್ಟರೆ, ಅಂತ ಎರಡು ಕೈಯಲ್ಲೂ ಬಾಯಿ ಅದುಮಿಕೊಂಡ. ಕಾದ. ಗಂಟಲಲ್ಲಿ ಗೊರಗೊರ ಇಲ್ಲ. ಏನೂ ಬರಲಿಲ್ಲ. ನಾಚಿಕೆ ಬಂದದ್ದು ಹಾಗೇ ಉಳಿಯಿತು, ಹೊರಗೆ ಹೋಗುವ ದಾರಿಯೇ ಇಲ್ಲದೆ. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು, ಕುಕ್ಕೆಯಿಂದ ಸೊಪ್ಪು ಎತ್ತಿಕೊಂಡು ಅವಳ ಎದುರಿನ ಸಾಲಿಗೆ ಹಾಕತೊಡಗಿದ.

ಸೋಮವಾರ ಚನ್ನಪಟ್ಟಣಕ್ಕೆ ಹೋಗಿ ಅನಂತರಾಜುವನ್ನು ಕಂಡ. "ನಾನಿನ್ ಬರಲ್ಲ. ಆ ಹಾಡು ಇನ್ನೊಂದ್ಸಲ ಹಾಕ್ಬೇಡಿ. ಮರಳವಾಡಿಯೋರು ಬೇಜಾರ್ ಮಾಡ್ಕಂಡವ್ರೆ," ಅಂದ. ತನ್ನ ಮನೆಯದು ಅನ್ನುವ ಮಾತು ನಾಲಿಗೆ ತುದಿಗೆ ಬಂದು ಹಿಂದಕ್ಕೆ ಹೋಯಿತು.

"ಬೇಜಾರೆಲ್ಲಿ ಬಂತಣ್ಣ? ಮರಳವಾಡಿಯೋರೇ ಆಪ್‌ನಲ್ಲಿ ಕೇಳಿ, ನಮ್ಮೂರ ಹೆಸರು ಬಂತು ಅಂತ ಫೋನ್ ಮಾಡಿದ್ರು!" ಅಂದ ಅನಂತರಾಜು. ಆಮೇಲೆ ಅಂಕಯ್ಯನ ಮುಖ ನೋಡಿ ದನಿ ತಗ್ಗಿಸಿದ. "ಆಯ್ತು, ಹಾಡು ಬೇಡ. ನೀವೂ ದಣಿದಿದ್ದೀರಿ. ಕಾರ್ಯಕ್ರಮಕ್ಕೇನೂ ತೊಂದರೆಯಿಲ್ಲ, ಯೋಚನೆ ಮಾಡಬೇಡಿ. ಹೊಸ ಕಂಪ್ಯೂಟ್ರು ಬಂದೈತೆ. ಶುಕ್ರವಾರದ ರೆಕಾರ್ಡಿಂಗು ಅದಕ್ಕೆ ಹಾಕಿದೀವಿ, ನಿಮ್ಮ ನಗು ಪೂರ್ತಿ ಅದರಲ್ಲಿ ಕೂತೈತೆ. ಬೇಕಾದ ಕಡೆ ಒಂದು ಬಟನ್ ಒತ್ತಿದ್ರೆ ಆಯ್ತು."

"ಅದ್ನ ಅಳಿಸ್ಬುಡಿ."

"ಅಳಿಸೋದಾ? ಅಂಥ ನಗು ಎಲ್ಲಿ ಸಿಗತ್ತಣ್ಣ!"

ಪಕ್ಕದಲ್ಲಿ ಫಕ್ರುದ್ದೀನ್ ತನ್ನ ಗಿಲಕಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಇನ್ನು ಮೇಲೆ ಕುದುರೆಯೂ ಕಂಪ್ಯೂಟರಿನಲ್ಲೇ ಓಡಲಿತ್ತು. ಬಾಗಿಲವರೆಗೆ ಬಂದು, "ಮರಳವಾಡಿ ಅಲ್ಲ, ಅಲ್ವಾ?" ಅಂದ. ಅಂಕಯ್ಯ ತಲೆ ತಗ್ಗಿಸಿದ. ಫಕ್ರುದ್ದೀನ್ ಅವನ ಹೆಗಲ ಮೇಲೆ ಕೈಯಿಟ್ಟು, ಮತ್ತೆ ತೆಗೆದ.

ಈಗ ಶುಕ್ರವಾರ ಮಧ್ಯಾಹ್ನ ಅಂಕಯ್ಯ ಹುಳದ ಮನೆಯಲ್ಲೇ ಇರುತ್ತಾನೆ. ಹೆಂಗಸರು ರೇಡಿಯೋ ಹಾಕುತ್ತಾರೆ. ಹಾಕಬೇಡಿ ಅನ್ನುವುದಕ್ಕೆ ಅವನಿಗೆ ಬಾಯಿಲ್ಲ. ಕೆಂಚಮ್ಮನೂ ಅನ್ನುವುದಿಲ್ಲ. ಅನಂತರಾಜು ಒಂದು ಜೋಕು ಹೇಳುತ್ತಾನೆ, ಆ ನಗು ಬರುತ್ತದೆ. ಇನ್ನೊಂದು ಹೇಳುತ್ತಾನೆ, ಅದೇ ನಗು, ಅದೇ ಗೊರಗೊರದಿಂದ ಹಿಡಿದು. ಅತ್ತೆ ಸೊಸೆ ಜಗಳಕ್ಕೂ ಅದೇ, ಕುಡುಕನ ಹಾಡಿಗೂ ಅದೇ. ಕೇಳುವವರಿಗೆ ಅದು ನಗು. ಅದು ಯಾವ ಗಳಿಗೆಯ ನಗು ಅಂತ ಆ ಮನೆಯಲ್ಲಿ ಇಬ್ಬರಿಗೆ ಗೊತ್ತು. ಉಳಿದ ಹೆಂಗಸರಿಗೂ ಗೊತ್ತೇನೋ. ಅದು ಬಂದಾಗಲೆಲ್ಲ ತಟ್ಟೆಯ ಮೇಲೆ ಒಸಿ ಹೆಚ್ಚೇ ಬಗ್ಗುತ್ತಾರೆ.

ಆಷಾಢ ಕಳೆದು ಸೋಲೂರಿನ ತವರಿಂದ ಬಂದ ಪಕ್ಕದ ಮನೆಯ ಹೊಸ ಸೊಸೆ ಅಮೂಲ್ಯ ಮೊದಲ ಸಲ ಸೊಪ್ಪು ಹಾಕುವುದಕ್ಕೆ ಬಂದ ದಿನವೂ ಶುಕ್ರವಾರವೇ. ರೇಡಿಯೋದ ನಗು ಕೇಳಿ ಅವಳಿಗೂ ನಗು ತಡೆಯಲಾಗಲಿಲ್ಲ.

"ಅಯ್ಯಪ್ಪ, ಯಾರು ದೊಡ್ಡಮ್ಮ ಅದು, ಹಿಂಗ್ ನಗೋದು?" ಅಂತ ಕೇಳಿದಳು.

ಹೆಂಗಸರು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದರು. ಅಂಕಯ್ಯ ಸೊಪ್ಪಿನ ಕುಕ್ಕೆ ಹಿಡಿದು ಎರಡು ಸಾಲುಗಳ ನಡುವೆ ನಿಂತಿದ್ದ.

ಕೆಂಚಮ್ಮ ಅವನ ಕಡೆ ತಿರುಗಲಿಲ್ಲ. "ಯಾವನೋ ಕಣವ್ವ," ಅಂದಳು. "ನಮ್ ಕಡೆಯೋನಲ್ಲ." ಆಮೇಲೆ, ಕೈ ಹಿಂದಕ್ಕೆ ಚಾಚಿ, "ಸೊಪ್ಪು ಕೊಡು," ಅಂದಳು.

ಅಂಕಯ್ಯ ಕೊಟ್ಟ.